ನೀಲಿ ರಟ್ಟಿನ ಗಡಿಯಾರ

ಬ್ರೆಮೆನ್ನಿನ ಬೀದಿ.
ಗಾಜಿನೊಳಗೆ ನೀಲಿ ರಟ್ಟಿನ ಗಡಿಯಾರ;
ನಡೆಯುವುದಿಲ್ಲ,
ಬಂದ ಹೊತ್ತು ಹೇಳಿ ಸುಮ್ಮನಿರುತ್ತದೆ.

ಹತ್ತು ಗಂಟೆ ಹತ್ತು ನಿಮಿಷ,
ಇದ್ದುದನ್ನು ಇದ್ದ ಹಾಗೆ ಇಟ್ಟಿದ್ದೆ.
ವೈಪರಿನಡಿ ಚೀಟಿ: ಇಪ್ಪತ್ತು ಯೂರೋ ದಂಡ.
ನಿಘಂಟು ಹಿಡಿದು ಕೂತೆ;
ರೈಲಿನಷ್ಟುದ್ದ ಪದಗಳು,
ಕೊನೆಯ ಡಬ್ಬಿಯಲ್ಲಷ್ಟೇ ಅರ್ಥ.

ಕೆಳಮನೆಯ ಹೈಡ್ರೂನ್ ಕನ್ನಡಕ ಏರಿಸಿ ನಕ್ಕಳು:
"ಮುಳ್ಳನ್ನು ಮುಂದಿನ ಅರ್ಧಗಂಟೆಗೆ ತಿರುಗಿಸಬೇಕು ಮಾರಾಯ.
ಕಾನೂನೇ ಇಪ್ಪತ್ತು ನಿಮಿಷ ಕೊಟ್ಟಿತ್ತು,
ನೀನೇ ಬೇಡವೆಂದೆ."

ಸತ್ಯಕ್ಕೆ ದಂಡ ಕಟ್ಟಿದೆ.

ಈಗ ಆ ಇಪ್ಪತ್ತು ನಿಮಿಷವನ್ನು
ಬೇಕರಿ ಕಿಟಕಿಯಲ್ಲಿ ಕೂತು
ಬೆಣ್ಣೆ ಹಚ್ಚಿ ತಿನ್ನುತ್ತೇನೆ.
ಹೊರಗೆ ಚೀಟಿಯಾಕೆ ಬಗ್ಗಿ ನೋಡುತ್ತಾಳೆ:
ರಟ್ಟಿನಲ್ಲಿ ಹತ್ತೂವರೆ,
ಚರ್ಚಿನ ಗೋಪುರದಲ್ಲಿ ಇನ್ನೂ ಹತ್ತೂಕಾಲು.
ಎರಡನ್ನೂ ನಂಬಿ
ಮುಂದಿನ ಕಾರಿಗೆ ಹೋಗುತ್ತಾಳೆ.