ಶೀಘ್ರಲಿಪಿ

ನನ್ನ ಕೆಲಸ ಬರೆದುಕೊಳ್ಳುವುದು.
ವಾಲ್ಪರೈಸೊದ ಸಂಸತ್ ಭವನ, ಆರೋಗ್ಯ ಸಮಿತಿಯ ಕೋಣೆ.
ಕಿಟಕಿಯಾಚೆ ಬಂದರು. ಕ್ರೇನುಗಳು ದಿನವಿಡೀ
ಏನನ್ನೋ ಎತ್ತುತ್ತವೆ, ಇಳಿಸುತ್ತವೆ.
ಹತ್ತೊಂಬತ್ತು ವರ್ಷದಲ್ಲಿ ನಾನು
ಒಂದು ಮಾತನ್ನೂ ಎತ್ತಿದವಳಲ್ಲ,
ಇಳಿಸಿಕೊಂಡಿದ್ದೇನೆ, ಅಷ್ಟೆ.

ನಿಯಮಗಳಿವೆ. ಕೆಮ್ಮು ಬರೆಯಬಾರದು.
ಅಳು ಬರೆಯಬಾರದು.
ನಗುವಿಗೆ ಆವರಣದೊಳಗೆ ಜಾಗವುಂಟು, ಚಪ್ಪಾಳೆಗೂ ಉಂಟು.
ಸದಸ್ಯರ ವ್ಯಾಕರಣ ತಪ್ಪಿದರೆ ತಿದ್ದಬೇಕು,
ಸಾಕ್ಷಿಗಳದ್ದು ಮುಟ್ಟಬಾರದು.

ಆ ಮಂಗಳವಾರ ಕ್ಯಾನ್ಸರ್ ಮಸೂದೆ, ಕಲಂ ಹದಿನಾಲ್ಕು:
ಉತ್ತರದ ಮರಳುಗಾಡಿನ ಊರುಗಳಿಗೆ
ವಿಕಿರಣದ ಯಂತ್ರ, ಅದನ್ನು ನಡೆಸುವವರ ಸಂಬಳ,
ವರ್ಷ ವರ್ಷದ ಮುಂಗಡಪತ್ರದಲ್ಲಿ
ಅಳಿಸಲಾಗದ ಒಂದು ಸಾಲು.
ಅಳಿಸಲಾಗದ. ಆ ಒಂದು ಪದದ ಮೇಲೆ
ಹನ್ನೊಂದು ತಿಂಗಳ ಜಗ್ಗಾಟ.
ಹಣಕಾಸು ಖಾತೆಯಿಂದ ಒಬ್ಬ ಹುಡುಗ ಬಂದಿದ್ದ, ಒಳ್ಳೆಯವನೇ.
ಅದರ ಬದಲು, 'ಸಂಪನ್ಮೂಲದ ಲಭ್ಯತೆಗೆ ಒಳಪಟ್ಟು' ಎಂದಿರಲಿ, ಎಂದ.
ನನ್ನ ಲಿಪಿಯಲ್ಲಿ ಅಷ್ಟುದ್ದದ ಮಾತಿಗೆ
ಒಂದೇ ಗೀರು ಸಾಕು.
ಅಷ್ಟು ಸಲ ಬರೆದಿದ್ದೇನೆ.

ಆಮೇಲೆ ಅವಳನ್ನು ಕರೆದರು.
ಎಡೆಲ್ಮಿರಾ ತಾಪಿಯಾ. ಊರು ಪುವೆರ್ತೊ ಅಮಾರ್ಗೊ,
ಕಹಿ ಬಂದರು ಅಂತ ಅದರ ಅರ್ಥ.
ಕಸುಬು: ಕಡಲಪಾಚಿ ಆಯುವುದು.
ಇಪ್ಪತ್ತೆರಡು ಗಂಟೆ ಬಸ್ಸಿನಲ್ಲಿ ಕೂತು ಕಾಲು ಊದಿತ್ತು,
ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡೇ ಬಂದಳು.
ಮೂರು ನಿಮಿಷ, ಎಂದರು ಅಧ್ಯಕ್ಷರು.

ನಾನು ಓದಿದವಳಲ್ಲ ಎಂದು ಶುರುಮಾಡಲಿಲ್ಲ.
ಎಲ್ಲರೂ ಹಾಗೇ ಶುರುಮಾಡುತ್ತಾರೆ.
ಬಿಸ್ಕತ್ತಿನ ಡಬ್ಬ ತೆರೆದು ಮೇಜಿನ ಮೇಲೆ ಸುರಿದಳು
ಬಸ್ಸಿನ ಚೀಟಿಗಳು. ಶಾಯಿ ಮಾಸಿದವು, ನಾಲ್ಕು ಮಡಿಕೆಯವು,
ಒಂದರ ಮೇಲೆ ವಾಂತಿಯ ಕಲೆ.

"ಇವು ನನ್ನ ತಂಗಿ ಯೊಲಾಂದಾಳವು.
ಯಂತ್ರ ಇರೋದು ಆಂತೊಫಗಾಸ್ತಾದಲ್ಲಿ, ಐದು ಗಂಟೆ ದಾರಿ.
ಒಮ್ಮೊಮ್ಮೆ ಅದು ಕೆಟ್ಟಿರುತ್ತೆ.
ಹೋಗಿ ಬನ್ನಿ ಅಂತಾರೆ. ನಾವು ಹೋಗ್ತೀವಿ, ಮತ್ತೆ ಬರ್ತೀವಿ.
ರೋಗ ಮಾತ್ರ ಸರದಿಯಲ್ಲಿ ನಿಲ್ಲೋದಿಲ್ಲ.
ಹೋದ ಚುನಾವಣೆಯಲ್ಲೂ ನಮ್ಮ ಮೂಗಿಗೆ ತುಪ್ಪ ಸವರಿದ್ರಿ.
ಈ ಸಲ ಕಾನೂನು ಬೇಕು. ದಯೆ ಬೇಡ,
ಮಂತ್ರಿ ಬದಲಾದ ದಿನ ದಯೆಯೂ ಮನೆ ಬದಲಾಯಿಸುತ್ತೆ.
ಹೋಗಿದ್ದಕ್ಕೆ ಮೂವತ್ತೊಂದು ಚೀಟಿ,
ವಾಪಸು ಬಂದಿದ್ದಕ್ಕೆ ಮೂವತ್ತು. ಎಣಿಸ್ಕೊಳ್ಳಿ."

ಅಧ್ಯಕ್ಷರು ಕನ್ನಡಕ ಏರಿಸಿ, ಅಕ್ಕರೆಯಿಂದಲೇ ಕೇಳಿದರು:
"ಒಂದು ಎಲ್ಲೋ ಕಳೆದುಹೋಗಿರಬೇಕಲ್ಲವೇನಮ್ಮ?"

"ಇಲ್ಲ," ಅಂದಳು. "ಲೆಕ್ಕ ಸರಿಯಾಗಿದೆ."

ಆಗ ಕ್ರೇನುಗಳೂ ನಿಂತವೆಂದು ಬರೆಯಲಾರೆ. ನಿಲ್ಲಲಿಲ್ಲ.
ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.
ಮಾತಿಲ್ಲದಾಗ ನನಗೆ ಕೆಲಸವಿಲ್ಲ.
ಪೆನ್ಸಿಲು ನಿಂತಲ್ಲೇ ಒಂದು ಚುಕ್ಕೆಯಾಯಿತು,
ಚುಕ್ಕೆ ದಪ್ಪವಾಯಿತು.
ಅವಳ ಪಾಲಿನಲ್ಲಿ ಇನ್ನೂ ನಲವತ್ತು ಸೆಕೆಂಡು ಇತ್ತು.
ಅದನ್ನು ಅವರಿಗೇ ಬಿಟ್ಟಳು.

ಪರ ಏಳು, ವಿರೋಧ ಆರು. ಕಲಂ ಹದಿನಾಲ್ಕು ಉಳಿಯಿತು,
ಅಳಿಸಲಾಗದ ಎಂಬ ಪದದ ಸಮೇತ.
ಚಪ್ಪಾಳೆ. ಬರೆದೆ.
ಇನ್ನು ಹಣಕಾಸು ಸಮಿತಿ, ಆಮೇಲೆ ಸೆನೆಟ್,
ಅಲ್ಲಿ ಬೇರೆ ಕೋಣೆ, ಬೇರೆ ಪೆನ್ಸಿಲು.
ಗೆದ್ದೆವೆಂದು ಯಾರೂ ಹೇಳಲಿಲ್ಲ.
ಹೇಳಿದ್ದರೆ ಬರೆದುಕೊಳ್ಳುತ್ತಿದ್ದೆ.

ಚೀಟಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದವಳಿಗೆ
ದಾಖಲೆಗೆ ಬೇಕಾಗುತ್ತೆ, ಎಂದ ಗುಮಾಸ್ತ.
"ನಕಲು ಮಾಡ್ಕೊಳ್ಳಿ. ಸೆನೆಟ್ಟಿನವರಿಗೂ ತೋರಿಸಬೇಕು."
ಯಂತ್ರದ ಗಾಜಿನ ಮೇಲೆ ಒಂದೊಂದನ್ನೇ
ತಾನೇ ಹರಡಿ, ಸುಕ್ಕು ಬಿಡಿಸಿ ಕೊಟ್ಟಳು.

ರಾತ್ರಿ ನಡಾವಳಿ ಬೆರಳಚ್ಚು ಮಾಡುತ್ತ
ಆ ದಪ್ಪ ಚುಕ್ಕೆಯ ಬಳಿಗೆ ಬಂದೆ.
ನಿಯಮದ ಪುಸ್ತಕ ತಿರುವಿದೆ. ಮೌನಕ್ಕೆ ಜಾಗವಿಲ್ಲ.
ಒಂದು ಸಾಲು ಖಾಲಿ ಬಿಟ್ಟೆ.

ಬೆಳಿಗ್ಗೆ ಮೇಲಧಿಕಾರಿ ಕೆಂಪು ಪೆನ್ನು ಹಿಡಿದು
ಅಲ್ಲಿಗೆ ಬಂದರು, ತಡೆದರು,
ಅಳಿಸಲು ಏನೂ ಸಿಗದೆ
ಪುಟ ಮಗುಚಿದರು.