ಎಂಟು ಹಾಳೆ

ಎಂಟನೇ ಇಯತ್ತೆಯ ಪುಸ್ತಕದಲ್ಲಿ ಚರ್ಮಕ್ಕೆ
ಸಿಕ್ಕಿದ್ದು ಒಂದೂವರೆ ಸಾಲು.
ಚರ್ಮ ಜ್ಞಾನೇಂದ್ರಿಯ. ಸ್ಪರ್ಶ, ಶಾಖ, ನೋವನ್ನು ತಿಳಿಸುತ್ತದೆ.
ಬೋರ್ಡಿನ ಮೇಲೆ ಬರೆದು, ಅಡಿಗೆರೆ ಹಾಕಿ,
ಸೀರೆಗೆ ಕೈ ಒರೆಸಿಕೊಂಡು
ಮುಂದಿನ ಪಾಠಕ್ಕೆ ಹಾರುವವಳಿದ್ದೆ.

ಮೂರನೇ ಸಾಲಿನ ಫರ್ಜಾನಾ ಮೋಟೆಬೆನ್ನೂರ
ಎರಡೂ ಅಂಗೈ ಎತ್ತಿ ಹಿಡಿದಳು.
"ಮುಟ್ಟಿ ನೋಡ್ರಿ ಟೀಚರ್, ತಣ್ಣಗ ಅದಾವು.
ಬೆಂಕಿ ಇಲ್ಲ, ಏನಿಲ್ಲ.
ಮತ್ತ ರಾತ್ರಿಯೆಲ್ಲಾ ಯಾಕ ಉರೀತಾವ್ರಿ?"

ಬ್ಯಾಡಗಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ.
ಪೇಟೆ ತುಂಬಿದ ದಿನ ಊರಿಗೆ ಊರೇ ಸೀನುತ್ತದೆ,
ಪ್ರಾರ್ಥನೆಯ ನಡುವೆ ಎರಡು ಸಲ
ಕೆಮ್ಮಲಿಕ್ಕೆಂದೇ ನಿಲ್ಲುತ್ತೇವೆ.
ಇವಳ ಅವ್ವ ಕೋಲ್ಡ್ ಸ್ಟೋರೇಜಿನ ಹಿಂದಿನ ಶೆಡ್ಡಿನಲ್ಲಿ
ಕಿಲೋ ಲೆಕ್ಕದ ಮೇಲೆ ಮೆಣಸಿನಕಾಯಿ ತುಂಬು ಮುರಿಯುತ್ತಾಳೆ.
ರಜೆಯ ದಿನ ಇವಳೂ.

ಪರೀಕ್ಷೆಗೆ ಬರೋದಿಲ್ಲ, ಕೂಡು.
ಇಪ್ಪತ್ತೆರಡು ವರ್ಷದಿಂದ ಆ ಮಾತಿನಲ್ಲಿ
ಎಷ್ಟು ಕೈ ಇಳಿಸಿದ್ದೇನೋ.
ಮಿಂಚುಹುಳ ತನ್ನನ್ನ ತಾ ಯಾಕ ಸುಟ್ಟಕೊಳ್ಳೂದಿಲ್ಲ
ಅಂತ ಕೇಳಿದ್ದ ವೀರಭದ್ರ ಹಾದಿಮನಿ.
ಅವನ ಕೈ ಇಳಿದದ್ದು ನೆನಪಿದೆ.
ಆಮೇಲೆ ಅದು ಎತ್ತಿದ್ದು ನೆನಪಿಲ್ಲ.
ಅಂದೆ, "ನನಗೂ ಗೊತ್ತಿಲ್ಲವ್ವಾ. ಸೋಮವಾರ ಹೇಳ್ತೇನಿ."

ಹಾವೇರಿ ಕಾಲೇಜಿನ ಕಪಾಟಿನಿಂದ
ಇಟ್ಟಂಗಿಯಷ್ಟು ದಪ್ಪದ ಪುಸ್ತಕ,
ಅದರಲ್ಲಿ ಎಂಟು ಹಾಳೆ, ಝೆರಾಕ್ಸಿಗೆ ಹದಿನಾರು ರೂಪಾಯಿ.
"ಇಂಗ್ಲಿಷ್ ಐತ್ರಿ ಟೀಚರ್."
"ಐತಿ. ಮೂರನೇ ಹಾಳ್ಯಾಗ ಒಂದು ಚಿತ್ರ ಐತಿ,
ಅಲ್ಲಿಂದ ಸುರು ಮಾಡು."
"ಪೋರ್ಷನ್ ಮುಗೀತೇನ್ರಿ?" ಅಂದರು ಹೆಡ್ಮಾಸ್ತರು,
ಕಿಟಕಿಯ ಆಚೆಯಿಂದ, ನಡೆಯುತ್ತಲೇ.

ಹನ್ನೊಂದು ದಿನಕ್ಕೆ ಹಾಳೆ ವಾಪಸು ಬಂದವು,
ಅಂಚೆಲ್ಲ ಕೆಂಪಾಗಿ, ಒಂದೆರಡು ಕಡೆ ಎಣ್ಣೆಯ ಕಲೆ,
ಸಾಲು ಸಾಲಿನ ನಡುವೆ ಪೆನ್ಸಿಲಿನ ಕನ್ನಡ.
ನಿಘಂಟು ಕೊಟ್ಟ 'ಗ್ರಾಹಕ' ಹೊಡೆದು ಹಾಕಿದ್ದಳು.
"ಅದು ರೇಷನ್ ಅಂಗಡಿಯವರು ನಮಗ ಅನ್ನೋದ್ರಿ."
ಅದರ ಜಾಗದಲ್ಲಿ ಬರೆದಿದ್ದಳು: ಅಗಳಿ.
ಚರ್ಮದೊಳಗ ಬೆಂಕಿಗಂತ ಒಂದು ಅಗಳಿ ಐತಿ.
ಖಾರದ ಹಂತ್ಯಾಕ ಅದರ ಕಳ್ಳ ಕೀಲಿ.
ಬೆಂಕಿ ಸುಳ್ಳ, ಉರಿ ಖರೇ.
ಖಾರ ನೀರಾಗ ಕರಗೂದಿಲ್ಲ,
ಅದಕ್ಕ ನಮ್ಮ ನಾನಿ ಶೇಂಗಾ ಎಣ್ಣಿ ತಿಕ್ಕತಾಳ.
ಇದು ನಾಲ್ಕನೇ ಹಾಳೆಯ ಬದಿಯಲ್ಲಿ.

ಏಳನೆಯದರಲ್ಲಿ ಹಕ್ಕಿ ಇದ್ದವು.
ಆ ಕೀಲಿ ಹಕ್ಕಿಯ ಅಗಳಿಗೆ ಕೂಡುವುದಿಲ್ಲ
ಅಂತ ಅಚ್ಚಾದ ಸಾಲು.
ನಂಬದೆ, ಭಾನುವಾರ ಪೂರ್ತಿ
ಚೀಲದ ರಾಶಿಯ ಹಿಂದೆ ಕೂತು ನೋಡಿ ಬಂದಿದ್ದಳು:
ಗಿಳಿ ಒಂದು, ಕಾಯಿ ಮೂರು, ಕಣ್ಣೀರು ಇಲ್ಲ.

ಎಂಟನೇ ಹಾಳೆಯ ಬೆನ್ನು ಖಾಲಿ ಇತ್ತಲ್ಲ,
ಅಲ್ಲಿ ಕೇಳಿದ್ದಳು:
ನಮ್ಮೂರ ಕಾಯಿ ಬಣ್ಣ ಜಾಸ್ತಿ, ಖಾರ ಕಡಿಮಿ.
ಹಂಗ ಆರಿಸಿದವರು ಯಾರು? ಹಕ್ಕಿ ಅಂತೂ ಅಲ್ಲ.
ತುಂಬು ಮುರಿಯೋ ಹೆಣ್ಮಕ್ಕಳನ್ನ
ಯಾರರ ಕೇಳ್ಯಾರೇನು?

ಒಂಬತ್ತನೇ ಹಾಳೆ ನನ್ನ ಹತ್ತಿರ ಇರಲಿಲ್ಲ.

ಸಂಜೆ ಮನೆಯಲ್ಲಿ ಮತ್ತೊಮ್ಮೆ ಓದುತ್ತಾ
ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡೆ.
ಅಯ್ಯೋ ಅಂತ ಬಚ್ಚಲಿಗೆ ಓಡಿ
ತಂಬಿಗೆ ತಂಬಿಗೆ ನೀರು ಹೊಡೆದುಕೊಳ್ಳುವಾಗ
ನೆನಪಾಯಿತು,
ನಾಲ್ಕನೇ ಹಾಳೆ, ಎಡಬದಿ, ಪೆನ್ಸಿಲಿನಲ್ಲಿ.