ತಡಕ್ಕೆ ಕಾರಣ

ಮಂಡ್ಯದ ಡೀಸಿ ಆಫೀಸಿನ ಹೊಂಗೆ ಮರದಡಿ
ಟೈಪು ಮಾಡುವ ಮರಿಮಾದ ಹೇಳುತ್ತಾನೆ:
ಮೂವತ್ತು ದಿನದೊಳಗೆ ಹಾಕ್ಬೇಕಿತ್ತು ಕಣಕ್ಕ ಅಪೀಲು,
ಹನ್ನೊಂದು ದಿನ ದಾಟೋಗದೆ.
ತಡ ಮನ್ನಾ ಮಾಡಿ ಅಂತ ಕೇಳ್ಬೌದು, ಆದ್ರೆ
ಒಂದೊಂದು ದಿನಕ್ಕೂ ಕಾರಣ ಕೊಡ್ಬೇಕು.

ಹಾಗಾದರೆ ಬರಕೊ.

ಆದೇಶ ಕೈಗೆ ಬಂದ ದಿನ ಲೆಕ್ಕಕ್ಕಿಲ್ಲವಂತೆ.
ಒಳ್ಳೆಯದೇ. ಅವತ್ತು ನಾನೂ ಲೆಕ್ಕಕ್ಕಿರಲಿಲ್ಲ.
‘ತಕರಾರು ವಜಾ’ ಎಂಬ ಸಾಲನ್ನು
ಟೇಪು ಹಿಡಿದು ಅಳೆದವಳಂತೆ ಎರಡು ಸಲ ಓದಿದೆ.
ಮೂರಡಿ ಬಿಡಬೇಕಾದಲ್ಲಿ ಅಂಕಣ್ಣ ಬಿಟ್ಟದ್ದು ಒಂದು ಗೇಣು.
ಹೊಲಿಗೆ ಮಿಷನ್ನಿನ ಪಕ್ಕದ ಕಿಟಕಿ ತೆರೆದರೆ
ಅರ್ಧಕ್ಕೇ ಟಕ್ಕೆಂದು ಇಟ್ಟಿಗೆಗೆ ಬಡಿಯುತ್ತದೆ.
ಹಾಡಹಗಲೇ ಬಲ್ಬು ಹಾಕಿಯೂ
ಕಪ್ಪು ಬ್ಲೌಸಿಗೆ ನೀಲಿ ದಾರ ಹಾಕಿ ಬೈಸಿಕೊಂಡಿದ್ದೇನೆ.

ಇಪ್ಪತ್ತೊಂಬತ್ತನೇ ದಿನ ಎಲ್ಲ ರೆಡಿ:
ನಕ್ಷೆ, ಫೋಟೋ, ಕಂದಾಯದ ರಸೀತಿ,
ಸೆರಗಿನ ಗಂಟಲ್ಲಿ ಸ್ಟಾಂಪಿನ ಕಾಸು.
ಕೋಳಿ ಕೂಗೋ ಹೊತ್ತಿಗೆ ಗೋಡೆಯಾಚೆ ಗೋಳು.

ನಿಂಗಾಜಮ್ಮ. ಅಂಕಣ್ಣನ ತಾಯಿ.
ಗೋಡೆ ಏಳುವ ಮೊದಲು ಅದೇ ಕಿಟಕಿಯಿಂದ
ಕರಿಬೇವು ನೀಡುತ್ತಿದ್ದ ಕೈ,
‘ಗುಂಡಿ ಹಾಕ್ಕೊಡೇ’ ಅಂತ ಕುಪ್ಪಸ ಎಸೆಯುತ್ತಿದ್ದ ಕೈ,
ಅದನ್ನು ಎದೆಯ ಮೇಲೆ ಮಡಿಸಿದವಳು ನಾನೇ.
ಸೊಸೆ ಬಸುರಿ, ಮುಟ್ಟುವಂತಿರಲಿಲ್ಲ.

ಬರಕೊ: ಸೂತಕದ ಮನೆಗೆ ನೋಟೀಸು ಕಳಿಸುವುದು ಹೇಗೆ?
ಗಾರೆಯವರೂ ಬರಲಿಲ್ಲ ಅಷ್ಟು ದಿನ,
ಕಲಸಿದ ಸಿಮೆಂಟು ಬಾಂಡ್ಲಿಯಲ್ಲೇ ಕಲ್ಲಾಯಿತು.
ಅವರ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದವಳಿಗೆ
ಮೂವತ್ತು ಯಾವುದು, ಮೂವತ್ತೈದು ಯಾವುದು?
ಗೊತ್ತಿದ್ದದ್ದು ಮೂರರ ಹಾಲುತುಪ್ಪ,
ಹನ್ನೊಂದರ ತಿಥಿ.

ತಿಥಿ ಶನಿವಾರ. ಮಾರನೆ ದಿನ ಆಫೀಸಿಗೆ ಬೀಗ.
ಇವತ್ತು ಏಳಕ್ಕೇ ಗಾರೆಯವರು ಬಂದರು.
ಬೋಳು ತಲೆಯ ಅಂಕಣ್ಣ ಗೋಡೆಗೆ ನೀರು ಹೊಡೆಯುತ್ತ
‘ಕಾಪಿ ಆಯ್ತಾ ಅಕ್ಕ’ ಅಂದ.
ಆಯ್ತು ಅಂದೆ, ಈ ಚೀಲ ಸೆರಗಿಗೆ ಮರೆ ಮಾಡಿ.

ಇದು ಕಾರಣ ಆಗಲ್ಲ ಕಣಕ್ಕ, ಅನ್ನುತ್ತಾನೆ ಮರಿಮಾದ.
ಟೈಫಾಯಿಡ್ ಅಂತ ಹಾಕನ,
ಇನ್ನೂರು ಕೊಟ್ರೆ ಸರ್ಟಿಫಿಕೇಟು ಸಿಗ್ತದೆ.
ಅವನ ಬೆರಳು ಕೀಲಿಗಳ ಮೇಲೆ ಕಾಯುತ್ತಿವೆ.
ಹೊಂಗೆಯ ಹೂವೊಂದು ಕಾರ್ಬನ್ ಹಾಳೆಯ ಮೇಲೆ ಉದುರಿತು,
ಊದಿ ತೆಗೆದ.

ಜ್ವರ ಬೇಡ.
ನಿಂಗಾಜಮ್ಮ ಅಂತ ಹಾಕು. ‘ಗಾ’ ದೀರ್ಘ.

ಮೃತರು ನಿಮಗೇನಾಗ್ಬೇಕು?

ಎದುರುದಾರರ ತಾಯಿ, ಅಂದೆ.
ಅವನು ಇನ್ನೂ ಟೈಪು ಮಾಡಿಲ್ಲ.